ಮುಗಿಲಲ್ಲಿ ಊಟ ನೀಡುವವನು

"ಕಸಾ ಹೊಡ್ಯಾಕ್ರಿ, ಧಣ್ಯಾರ," ಎಂದುಬಿಟ್ಟ ಲಗಮಪ್ಪ.

ಪರದೇಶದ ವಿಮಾನ ಕಂಪನಿಯಲ್ಲಿ ನಿನ್ನ ಮಗನಿಗೆ ಕೆಲಸವಾದರೂ ಏನು ಎಂದು ಬನ್ನಿಗಟ್ಟಿ ಊರಿನ ಪಾಟೀಲ ಅಣ್ಣಾಸಾಹೇಬರು ಕೇಳಿದ್ದರು. ಬಾಜೂಕ್ಕೇ ನಿಂತಿದ್ದ ಮಗ ಹನಮಂತ ಬಾಯಿ ತೆರೆಯುವುದರೊಳಗೆ ಅಪ್ಪನ ಬಾಯಿಂದ ಈ ಸುಳ್ಳು ಜಾರಿತ್ತು.

ಲಗಮಪ್ಪ ಸುಳ್ಳು ಹೇಳುವ ಪೈಕಿಯವನಲ್ಲ. ಮೂವತ್ತು ವರ್ಷದಿಂದ ಆ ಊರಿನ ಚಾವಡಿ ಗುಡಿಸಿದವನು. ನೀರಡಿಸಿದರೆ ಪಾಟೀಲರ ಇದೇ ಅಂಗಳದಲ್ಲಿ, ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯೊಡ್ಡಿ ಕುಡಿದವನು. ಅಂಥವನ ಮಗ ವಿಮಾನದಲ್ಲಿ ನೂರು ಮಂದಿಗೆ ಊಟ ನೀಡುತ್ತಾನೆ ಎಂದರೆ ಪಾಟೀಲರು ಸಹಿ ಮಾಡುವುದು ಒತ್ತಟ್ಟಿಗಿರಲಿ, ಅಂಗಳ ದಾಟಿ ಹೋಗಲಾದರೂ ಬಿಟ್ಟಾರೆಯೇ? ನಡತೆಯ ದಾಖಲೆಗೆ ಪಾಟೀಲರ ಸಹಿ ಬೀಳದಿದ್ದರೆ ಪಾಸಪೋರ್ಟಿಲ್ಲ, ಪಾಸಪೋರ್ಟಿಲ್ಲದಿದ್ದರೆ ನೌಕರಿಯಿಲ್ಲ. ನಾಳೆ ಮುಂಬೈ ರೈಲು ಹತ್ತಲೇಬೇಕು. ಇನ್ನು ಖರೆ ಹೇಳಬೇಕೆಂದರೆ, ಮಗ ಹೇಳುವ ಕೆಲಸವನ್ನು ಲಗಮಪ್ಪ ತಾನೂ ಪೂರ್ತಿ ನಂಬಿರಲಿಲ್ಲ.

ಪಾಟೀಲರಿಗೆ ಸಂತೋಷವಾಯಿತು. "ಚಲೋ ಆತು ಬಿಡು. ಮುಗಿಲಾಗ ಮಣ್ಣಿಲ್ಲ, ಸಗಣಿಲ್ಲ, ಎಷ್ಟು ಕಸಾ ಬಿದ್ದೀತು!" ಎನ್ನುತ್ತ ಮೂಗಿಗೆ ಚಾಳೀಸು ಏರಿಸಿಕೊಂಡು, ಸದರಿ ಹನಮಂತನು ಪ್ರಾಮಾಣಿಕನಿದ್ದು ವಿಮಾನದ ಕಸ ಗುಡಿಸಲು ಯೋಗ್ಯನಿರುತ್ತಾನೆ ಎಂದು ಬಾಯಿಬಿಟ್ಟು ಓದಿಕೊಳ್ಳುತ್ತಲೇ ಬರೆದರು.

ಗೋಕಾಕದಲ್ಲಿ ಮ್ಯಾಟ್ರಿಕ್ ಮುಗಿಸಿ, ಐದು ವರ್ಷ ಮುಂಬೈಯ ದೊಡ್ಡ ಹೋಟೆಲಿನಲ್ಲಿ ದುಡಿದ ಹನಮಂತನಿಗೆ ತಡೆಯಲಾಗಲಿಲ್ಲ. "ಹಂಗ ಬರದ್ರ ನಡ್ಯೂದಿಲ್ರಿ. ಕಂಪನಿ ಕಾಗದದಾಗ ಬ್ಯಾರೆ ಐತ್ರಿ. ನಾ ಊಟಾ ನೀಡೂ ಕೆಲಸಕ್ಕ ಹೊಂಟೇನ್ರಿ."

ಪಾಟೀಲರ ಕೈ ನಿಂತಿತು.

"ಊಟಾ ನೀಡೂದು? ಯಾರಿಗೆ?"

"ವಿಮಾನದಾಗ ಕುಂತವ್ರಿಗೆಲ್ಲಾ."

"ನೀ ಮುಟ್ಟಿ ಕೊಟ್ಟದ್ದು ಅವ್ರು ಉಣ್ತಾರೇನು?"

"ಉಣ್ತಾರ್ರಿ."

"ಯಾವ ಮಂದ್ಯಾಂವ ಅಂತ ಕೇಳೂದಿಲ್ಲೇನು?"

"ಚಾ ಬೇಕೋ ಕಾಫಿ ಬೇಕೋ ಅಂತ ನಾವ ಅವರನ್ನ ಕೇಳೂದ್ರಿ. ಅವ್ರು ನಮಗೇನೂ ಕೇಳೂದಿಲ್ರಿ."

ಪಾಟೀಲರು ಲಗಮಪ್ಪನ ಮುಖ ನೋಡಿದರು, ಲಗಮಪ್ಪ ಪಾಟೀಲರ ಮುಖ ನೋಡಿದ. ಹುಟ್ಟಿದಾಗಿನಿಂದ ಒಂದೇ ಊರಿನಲ್ಲಿದ್ದರೂ ಇಬ್ಬರೂ ಒಂದೇ ಮಾತಿಗೆ ತಬ್ಬಿಬ್ಬಾದದ್ದು ಇದೇ ಮೊದಲು. "ಖರೇನ ಏನೋ ಹನಮಂತಾ?" ಎಂದು ಲಗಮಪ್ಪನೇ ಕೇಳಿದ. "ಯಾರರ ಗುರ್ತು ಹಿಡದು ಹೊಡ್ಯಾಕ ಬಂದ್ರ ಎಲ್ಲಿಗೆ ಓಡಾಂವ? ಕೆಳಗ ನೆಲಾ ಸೈತ ಇರೂದಿಲ್ಲಲ್ಲೋ!" ಅವನಿಗೆ ಹೆಮ್ಮೆಯೂ ಆಗಿತ್ತು, ಹೆದರಿಕೆಯೂ ಆಗಿತ್ತು. ಯಾವುದು ಎಷ್ಟು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

"ಅವರೆಲ್ಲಾ ತಿಳೀದ ಉಂಡ ಪಾಪ, ಸಹಿ ಮಾಡಿದ ನನ್ನ ತಲಿಗೆ ಬರತೈತಲ್ಲೋ," ಎಂದರು ಪಾಟೀಲರು. ಬರೆದ ಕಾಗದವನ್ನು ಅತ್ತ ಸರಿಸಿದರು. "ಎಲ್ಲಿಗೆ ಹೋಗೂ ವಿಮಾನ ಅದು?"

"ಮುಂಬೈಯಿಂದ ಲಂಡನ್ನಿಗ್ರಿ. ಇನ್ನ ನನ್ನ ಮುಕ್ಕಾಮೂ ಅಲ್ಲೇರಿ."

ಲಂಡನ್ ಎಂದೊಡನೆ ಪಾಟೀಲರು ಕುರ್ಚಿಯಲ್ಲಿ ಅಲುಗಾಡಿದರು. ಅವರ ಒಬ್ಬನೇ ಮಗ ಕೇದಾರಿ ಡಾಕ್ಟರಕಿ ಕಲಿಯಲು ಹೋಗಿ ಎರಡು ವರ್ಷದಿಂದ ಅಲ್ಲೇ ಇದ್ದ. "ನಮ್ಮ ಕೇದಾರಿನೂ ವಿಮಾನದಾಗ ಹ್ವಾದಾಂವ," ಎಂದರು ಮೆಲ್ಲಗೆ. "ಎರಡ ಸಲ ಉಣ್ಣಾಕ ಕೊಟ್ರು, ರುಚಿ ಇತ್ತು, ಇನ್ನೊಮ್ಮೆ ಕೇಳಿ ಹಾಕಿಸಿಕೊಂಡೆ ಅಂತ ಕಾಗದ ಬರದಿದ್ದ. ಅವಂಗ ಯಾರು ನೀಡಿದ್ರು?"

"ನನ್ನಂಥಾವ್ರ ಯಾರರ ಇರಬೇಕ್ರಿ."

ಅಣ್ಣಾಸಾಹೇಬರ ಪಾಡು ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಸಹಿ ಮಾಡಿದರೆ ಊರಿನ ಮಂದಿಗೆ ಏನು ಹೇಳುವುದು? ತಪ್ಪು ಎಂದು ಸಹಿ ಹಾಕದೆ ಬಿಟ್ಟರೆ, ಮಗ ಆಗಲೇ ಕೇಳಿ ಹಾಕಿಸಿಕೊಂಡು ಉಂಡದ್ದಕ್ಕೆ ಏನು ಹೇಳುವುದು? ಅವರು ಚಾಳೀಸು ತೆಗೆದರು, ಒರೆಸಿದರು, ಮತ್ತೆ ಏರಿಸಿಕೊಂಡರು. ಇಷ್ಟು ದೊಡ್ಡ ಮನುಷ್ಯ ಹೀಗೆ ಕಂಗಾಲಾದದ್ದನ್ನು ಕಂಡು ಲಗಮಪ್ಪನಿಗೆ, ಯಾಕೋ, ಪಾಪವೆನಿಸಿತು. ಕಡೆಗೆ ಪಾಟೀಲರು ಮೊದಲಿನ ಕಾಗದ ಹರಿದರು. ಇನ್ನೊಂದರ ಮೇಲೆ, ಈ ಸಲ ಬಾಯಿಬಿಟ್ಟು ಓದದೆ, ಊಟ ನೀಡಲು ಯೋಗ್ಯನಿರುತ್ತಾನೆ ಎಂದು ಬರೆದು ಸಹಿ ಹಾಕಿ ಶಿಕ್ಕಾ ಒತ್ತಿದರು. ಕೈಗೆ ಮಾತ್ರ ಕೊಡಲಿಲ್ಲ. ಎಂದಿನಂತೆ ಕಟ್ಟೆಯ ಅಂಚಿಗೆ ಇಟ್ಟರು. ಲಗಮಪ್ಪ ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡ.

ಅಪ್ಪ ಮಗ ಹೊರಟು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಕೂಗು ಬಂತು.

"ಹನಮ್ಯಾ! ದೀಪಾವಳಿಗೆ ಕೇದಾರಿ ಊರಿಗೆ ಬರಾಂವ ಅದಾನ. ನಿನ್ನ ವಿಮಾನದಾಗೇ ಕಂಡ್ರ, ನೀ ಯಾರು, ಯಾವೂರಾಂವ ಅಂತ ಹೇಳಬ್ಯಾಡಪಾ. ಅಂವ ಹಸದು ಕುಂತಿರತಾನ."

"ಹೂನ್ರಿ, ಹೇಳೂದಿಲ್ರಿ," ಎಂದು ರೂಢಿಯಂತೆ ಲಗಮಪ್ಪನೇ ಕೈಮುಗಿದ.

"ನಾ ಬಾಯಿಬಿಟ್ಟು ಹೇಳೂದಿಲ್ರಿ," ಎಂದ ಹನಮಂತ. "ಆದ್ರ ಎದಿ ಮ್ಯಾಲೆ ಹೆಸರಿನ ಬಿಲ್ಲೆ ಇರತೈತ್ರಿ. ಅದರಾಗ ಕಂಪನ್ಯಾವ್ರ ಬರಿಸ್ಯಾರ್ರಿ, ಹನಮಂತ ಬನ್ನಿಗಟ್ಟಿ ಅಂತ."