ಒಂದು ಕಾಲಿನ ಚಪ್ಪಲಿ

ಕಾದ ಡಾಂಬರಿನ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ಮೊದಲು ಹೋಗುವುದು ಜೊತೆಗಿರುವವರ ಪಾದಗಳಿಗೆ.

ಆಗ ನನಗೆ ಒಂಬತ್ತು ವರ್ಷ. ಅವ್ವನ ಕ್ಯಾನ್ಸರಿಗೆ ಬಳ್ಳಾರಿಯಲ್ಲಿ ಕೀಮೋ ನಡೆದಿತ್ತು. ಆ ಔಷಧಿಗೆ ನರ ಸೊರಗುತ್ತವೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಪ್ರತಿ ಸಲ ಏರಿಸಿಕೊಂಡು ಬಂದ ಮೇಲೆ, ಇರುವೆ ಹರಿದ ಹಾಗಾಗುತ್ತದೆ ಎಂದು ಅವ್ವ ಅಂಗಾಲು ತಿಕ್ಕುತ್ತ ಕೂರುತ್ತಿದ್ದಳು.

ಅವತ್ತು ಮಧ್ಯಾಹ್ನ ಕುರುಗೋಡಿಗೆ ಮರಳುವ ಬಸ್ಸಿನಲ್ಲಿ ಅವಳು ಚಪ್ಪಲಿ ಬಿಟ್ಟು ಸೀಟಿನ ಮೇಲೆ ಕಾಲು ಮಡಚಿ ಕೂತಳು. ಪಕ್ಕದಲ್ಲಿದ್ದ ನನ್ನ ಅಜ್ಜಿಗೆ ಹೇಳಿದಳು: "ಇರಿವಿ ಹರಿಯಾದು ನಿಂತೈತಿ ಯವ್ವಾ. ಈಗ ಏನೂ ಇಲ್ಲ, ಆರಾಮ ಅದೀನಿ."

"ದೇವರು ಕಣ್ಣು ಬಿಟ್ಟ, ತಗಾ," ಎಂದು ಅಜ್ಜಿ ಮಗಳ ಪಾದ ಸವರಿದಳು.

ಇಳಿದು ಮನೆಯ ಕಡೆ ನಡೆದೆವು. ಬಿಸಿಲಿಗೆ ರಸ್ತೆ ಕರಗಿ ಮಿನುಗುತ್ತಿತ್ತು. ಹಿಂದೆ ಬರುತ್ತಿದ್ದ ನಾನು ನೋಡಿದೆ: ಅವ್ವನ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅದು ಬಸ್ಸಿನಲ್ಲೇ ಉಳಿದಿತ್ತು. ಈಗ ನಿಲ್ಲುತ್ತಾಳೆ, ಈಗ ಕಾಲೆತ್ತುತ್ತಾಳೆ ಎಂದು ಕಾದೆ. ಅವಳು ಅಜ್ಜಿಯೊಂದಿಗೆ ಮೆಣಸಿನಕಾಯಿ ಒಣಹಾಕುವ ಮಾತಾಡುತ್ತ ನಡೆದೇ ಇದ್ದಳು. ರಸ್ತೆ ಅಷ್ಟೇನೂ ಸುಡುತ್ತಿರಲಿಕ್ಕಿಲ್ಲ ಎಂದುಕೊಂಡು ನನ್ನದೊಂದು ಚಪ್ಪಲಿ ಬಿಟ್ಟು ಕಾಲಿಟ್ಟೆ. ಚುರ್ರೆಂದಿತು. ಒಂಟಿಗಾಲಿನಲ್ಲಿ ಕುಪ್ಪಳಿಸಿದೆ.

ಅವ್ವ ತಿರುಗಿ, ಆ ಬರಿಗಾಲನ್ನು ಡಾಂಬರಿನ ಮೇಲೆ ಊರಿಕೊಂಡೇ ನಿಂತು ನಕ್ಕಳು.

"ಯಾಕಲೇ ಕುಣೀತಿ? ಚಪ್ಪಲಿ ಹಾಕ್ಕ. ಕಾಲು ಸುಡತಾವು."