ಮುಟ್ಟದೆ ಆದ ಮಂಜೂರಿ

ದೇವಿಂದ್ರಪ್ಪ ಇನ್ನೂ ಕುರ್ಚಿಯಲ್ಲಿ ಕುಳಿತಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಹದಿನಾರು ಆರ್ಡರುಗಳು ಆಗಲೇ ಹಸಿರಾಗಿದ್ದವು. ಪ್ರತಿಯೊಂದರ ಮುಂದೆಯೂ ಒಂದೇ ಸಾಲು: ಮಂಜೂರು, ದೇವಿಂದ್ರಪ್ಪ, ಒಂಬತ್ತು ಐವತ್ತೆಂಟು.

ಗೋಡೆಯ ಗಡಿಯಾರ ಹತ್ತೂ ಐದು ತೋರಿಸುತ್ತಿತ್ತು.

"ಯಾವ ಮಗ ನನ್ನ ಕುರ್ಚಿ ಮ್ಯಾಲ ಕುಂತಿದ್ದ?"

ಕಂಪ್ಯೂಟರ್ ನೋಡಿಕೊಳ್ಳುವ ಭೀಮಶಾ ತಲೆ ಎತ್ತಲಿಲ್ಲ. "ಯಾರೂ ಕುಂತಿಲ್ರಿ ಕಾಕಾ. ಹೆಸರು ನಿಮ್ಮದೇ ಅದಲ್ರಿ. ಮಂಜೂರಿನೂ ನಿಮ್ಮದೇ."

"ನಾ ಬಸ್ಸಿನ್ಯಾಗಿದ್ದೆ. ನನ್ನ ಹೆಸರು ನನಕಿಂತ ಮೊದಲ ಬಂದು ಕುಂತದೇನು?"

"ಚಲೋನೇ ಆತಲ್ರಿ. ಆರಾಮ ಚಾ ಕುಡೀರಿ."

ಇದು ಮೂರನೆಯ ದಿನ.

ನಂದೂರಿನ ಆ ದಾಲ್ ಮಿಲ್ಲಿನಲ್ಲಿ ಯಾವ ಆರ್ಡರಿಗಾದರೂ ಇಬ್ಬರ ಒಪ್ಪಿಗೆ ಬೇಕಿತ್ತು. ಯಾವ ಅಂಗಡಿಗೆ ಎಷ್ಟು ಚೀಲ ಎಂಬುದನ್ನು ಕಮಲಾಪುರದ ಗೋದಾಮಿನಲ್ಲಿ ಕುಳಿತ ಅಮೋಘಪ್ಪ ಹೇಳಬೇಕು. ಯಾವ ಲಾರಿ, ಯಾವ ಹೊತ್ತು ಎಂಬುದನ್ನು ಇಲ್ಲಿ ದೇವಿಂದ್ರಪ್ಪ ಹೇಳಬೇಕು. ವರ್ಷಗಟ್ಟಲೆ ಚೀಟಿ, ಫೋನುಗಳಲ್ಲೇ ನಡೆದ ಕೆಲಸ. ಎರಡು ಸಾವಿರದ ನಾಲ್ಕರ ಯುಗಾದಿಗೆ ಸಾಹುಕಾರರು ಸಾಫ್ಟ್‌ವೇರ್ ತರಿಸಿದರು. ಆರ್ಡರು ತಾನಾಗಿಯೇ ಅಮೋಘಪ್ಪನ ಹೆಸರಿಗೆ ಹೋಗಿ, ಅಲ್ಲಿ ಹಸಿರಾದ ಮೇಲೆ ದೇವಿಂದ್ರಪ್ಪನ ಹೆಸರಿಗೆ ಬರತೊಡಗಿತು. ಇಬ್ಬರೂ ಫೋನಿನಲ್ಲಿ ಮಾತಾಡಿ ಈಗ ಐದು ತಿಂಗಳು. ಮಾತಿಗೆ ಕೆಲಸವೇ ಉಳಿದಿರಲಿಲ್ಲ.

ದೇವಿಂದ್ರಪ್ಪ ಹದಿನಾರನ್ನೂ ಬೆರಳಿಟ್ಟು ನೋಡಿದ. ಒಂದು ತಪ್ಪು ಸಿಕ್ಕಿದ್ದರೂ ಸಾಹುಕಾರರ ಮುಂದೆ ಇಡಬಹುದಿತ್ತು. ಸಿಗಲಿಲ್ಲ. ಶಫಿಯ ಲಾರಿಯ ಹಿಂದಿನ ಸ್ಪ್ರಿಂಗ್ ಪಾಟಾ ಸೋತಿದೆ. ಅದಕ್ಕೆ ಹತ್ತು ಚೀಲ ಕಡಿಮೆ ಹಾಕಲಾಗಿತ್ತು. ಹನ್ನೊಂದರ ನಂತರ ಸ್ಟೇಶನ್ ಬಜಾರಿನಲ್ಲಿ ಆಟೋಗಳು ಲಾರಿಗೆ ದಾರಿ ಬಿಡುವುದಿಲ್ಲ. ಅಲ್ಲಿನ ಹೋಟೆಲುಗಳಿಗೆ ಮೊದಲ ಸರದಿ. ಬ್ರಹ್ಮಪುರದ ಓಣಿಗೆ ಸಣ್ಣ ಟೆಂಪೋ. ಇದನ್ನೆಲ್ಲ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಇದ್ದದ್ದು ದೇವಿಂದ್ರಪ್ಪನ ತಲೆಯಲ್ಲಿ.

ಆ ತಲೆಯೊಳಗೆ ಏನಿದೆ ಎಂದು ಬಲ್ಲವನು ಒಬ್ಬನೇ. ಕಮಲಾಪುರದ ಗೋದಾಮು ತೆರೆಯುವ ಮೊದಲು ಒಂಬತ್ತು ವರ್ಷ ಇದೇ ಮೇಜಿನ ಆಚೆ ಬದಿಗೆ ಕುಳಿತಿದ್ದ ಅಮೋಘಪ್ಪ.

"ದೀಪಾವಳಿ ಆದಮ್ಯಾಲ ಇನ್ನೊಂದು ಕುರ್ಚಿ ತೆಗೀಬೇಕು," ಎಂದು ಹೋದ ವಾರ ಸಾಹುಕಾರರು ಹೇಳಿದ್ದರು. ಯಾರದು ಎಂದು ಹೇಳಿರಲಿಲ್ಲ. ಇದೇ ಮಿಲ್ಲಿಗೆ ಹಮಾಲನಾಗಿ ಬಂದು, ಬೆನ್ನಿನ ಚರ್ಮ ಸುಲಿಯುವಷ್ಟು ಚೀಲ ಹೊತ್ತು, ದೇವಿಂದ್ರಪ್ಪ ಗಳಿಸಿದ ಕುರ್ಚಿ ಅದು. ಅದನ್ನೀಗ ಅಮೋಘಪ್ಪ ಕಸಿಯಲು ಹೊರಟಿದ್ದಾನೆ. ದೇವಿಂದ್ರಪ್ಪನ ಕೆಲಸವನ್ನೂ ತಾನೇ ಮಾಡಿ ತೋರಿಸುತ್ತಿದ್ದಾನೆ.

ಅಮೋಘಪ್ಪ ಮೊದಲಿನವನಾಗಿ ಉಳಿದಿಲ್ಲ ಎಂಬುದಕ್ಕೆ ಬೇರೆ ಗುರುತೂ ಇತ್ತು. ಅಮಾವಾಸ್ಯೆಯ ದಿನ ಪೆನ್ನು ಸಹ ಮುಟ್ಟದ ಮನುಷ್ಯ. ಈಗೆರಡು ಅಮಾವಾಸ್ಯೆಗಳಿಂದ ಅಂದೂ ಅವನ ಹೆಸರು ಹಸಿರಾಗುತ್ತಿತ್ತು. ಸಾಹುಕಾರರನ್ನು ಒಲಿಸಿಕೊಳ್ಳಲು ದೇವರನ್ನೂ ಬಿಟ್ಟ!

ಇಂಥವನಿಗಾಗಿ ತಾನು ಏನೆಲ್ಲ ಮಾಡಿದೆ. ಮಿಲ್ಲಿಗೆ ಕರೆತಂದವನು ತಾನು. ಈ ಬೇಸಿಗೆಯಲ್ಲಿ ಭೀಮಶಾ ನೋಟ್‌ಬುಕ್ ಹಿಡಿದು ಬಂದು, "ಅಮೋಘಪ್ಪ ಕಾಕಾಗ ಮಷೀನ್ ಬರಂಗಿಲ್ರಿ, ಪಾಪ, ಅವರ ಕೆಲಸ ಹಗುರಾಗಲಿ," ಎಂದಾಗ ನಾಲ್ಕು ದಿನ ಕುಳಿತು ಅಮೋಘಪ್ಪನ ರೀತಿಯನ್ನೆಲ್ಲ ಬಿಡಿಸಿ ಹೇಳಿದವನೂ ತಾನೇ. ಮಸ್ತಾನಬಿಯ ಖಾನಾವಳಿ ಎಷ್ಟೇ ಕೇಳಲಿ, ಅರ್ಧ ಕೊಡುತ್ತಾನೆ. ಖಮರುದ್ದೀನನ ಅಂಗಡಿಗೆ ಮದುವೆಯ ಹಂಗಾಮಿನಲ್ಲಿ ಕೇಳದೆಯೂ ದುಪ್ಪಟ್ಟು ಕೊಡುತ್ತಾನೆ. ಸ್ವಂತ ತಮ್ಮನಿಗೂ ಯಾರೂ ಇಷ್ಟು ಮಾಡುವುದಿಲ್ಲ.

ದೇವಿಂದ್ರಪ್ಪ ಚಹಾ ಮುಟ್ಟದೆ ಎದ್ದ. ಕಮಲಾಪುರದ ಬಸ್ಸು ಹತ್ತಿದ. ಮೊದಲು ಕಪಾಳಕ್ಕೆ ಏಟು, ಮಾತು ಆಮೇಲೆ ಎಂದು ನಿರ್ಧರಿಸಿದ.

ಗೋದಾಮಿಗೆ ಬೀಗ. ಮೆಟ್ಟಿಲ ಮೇಲೆ ಯಾರೋ ಕೆಂಪು ಬಾಳೆಯ ಗೊನೆಗಳನ್ನು ಒಟ್ಟಿದ್ದರು. ಮನೆಯಲ್ಲಿ ಕಾಲು ಚಾಚಿ ಕೂತೇ ಇಬ್ಬರ ಮಂಜೂರಿ ಒತ್ತುತ್ತಿದ್ದಾನೆ ಹಾಗಾದರೆ. ದೇವಿಂದ್ರಪ್ಪ ಓಡುನಡಿಗೆಯಲ್ಲಿ ಮನೆ ಮುಟ್ಟಿದ.

ಅಮೋಘಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ.

"ಏಳಲೇ ಕಳ್ಳ!" ದೇವಿಂದ್ರಪ್ಪ ಕೈ ಎತ್ತಿದ. "ನನ್ನ ಹೆಸರು ಹಾಕಿ ನನ್ನ ಅನ್ನಕ್ಕ ಮಣ್ಣು ಹಾಕ್ತೀಯೇನು?"

ಅಮೋಘಪ್ಪ ಏಳಲಿಲ್ಲ. "ಈಗ ನೆನಪಾತೇನು ದಾರಿ? ನನ್ನ ಕೆಲಸ ಬಿಡಿಸಿ ಎರಡು ತಿಂಗಳ ಮ್ಯಾಲಾತು. ಇವತ್ತ ಬರ್ತಾನ, ನಾಳಿ ಬರ್ತಾನ ಅಂತ ಕುಂತೆ. ನೀನೂ ಅವರ ಕಡೀನೇ ಅಂತ ತಿಳಕೊಂಡು ಸುಮ್ಮನಾದೆ."

"ಯಾರನ್ನ ಬಿಡಿಸ್ಯಾರ?"

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಪುತಳಾಬಾಯಿ ಉತ್ತರ ಕೊಟ್ಟಳು. "ಪಂಚಮಿ ಮರುದಿನಾರಿ ಅಣ್ಣಾ. ಕಂಪ್ಯೂಟರ್ ಹೊತ್ಕೊಂಡು ಹೋದರು. ಕೀಲಿನೂ ಇಸಗೊಂಡರು. ಇವರು ಮೂರು ದಿನ ರೊಟ್ಟಿ ಮುಟ್ಟಲಿಲ್ಲ."

"ಸುಳ್ಳು! ಇವತ್ತ ಮುಂಜಾನಿನೂ ಇವನ ಹೆಸರು ಹಸಿರಾಗ್ಯಾದ. ನನ್ನ ಕಣ್ಣಿಲೆ ನೋಡೀನಿ. ಮಸ್ತಾನಬಿ ಖಾನಾವಳಿಗೆ ಅರ್ಧ, ಖಮರುದ್ದೀನಗ ದುಪ್ಪಟ್ಟು…"

ಅವು ಭೀಮಶಾನ ನೋಟ್‌ಬುಕ್ಕಿಗೆ ತಾನೇ ಹೇಳಿದ ಮಾತುಗಳು.

"ಹೌದು, ನಾ ಹಂಗೇ ಕೊಡ್ತಿದ್ದೆ," ಅಮೋಘಪ್ಪ ಒಣನಗೆ ನಕ್ಕ. "ಮಷೀನ್ ನನಕಿಂತ ಶಾಣ್ಯಾ ಆಗ್ಯಾದ ಬಿಡು. ಅಮಾಸಿ ಇಲ್ಲ, ಹುಣ್ಣಿಮಿ ಇಲ್ಲ. ನನ್ನ ರೀತಿ ಅದಕ್ಕ ಯಾವ ಪುಣ್ಯಾತ್ಮ ಹೇಳಿಕೊಟ್ಟಾನೋ, ಅದೊಂದು ತಿಳೀವಲ್ದು."

ಎತ್ತಿದ್ದ ಕೈಯನ್ನು ಎಲ್ಲಿಡಬೇಕೆಂದು ದೇವಿಂದ್ರಪ್ಪನಿಗೆ ತೋಚಲಿಲ್ಲ. ಕಟ್ಟೆಯ ತುದಿಗೆ ಕುಳಿತ. ಪುತಳಾಬಾಯಿ ತಂದಿಟ್ಟ ನೀರು ಹಾಗೇ ಇತ್ತು. "ನನ್ನ ರೀತಿನೂ ಯಾರೋ ಹೇಳ್ಯಾರ. ಮೂರು ದಿನದಿಂದ ನನ್ನ ಹೆಸರೂ ತಾನೇ ಹಸಿರಾಗಾಕತ್ತದ," ಎಂದ.

ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು.

"ಕಾರಹುಣ್ಣಿಮಿ ಮುಂದ ಭೀಮಶಾ ನೋಟ್‌ಬುಕ್ ಹಿಡಕೊಂಡು ಬಂದಿದ್ದ," ಅಮೋಘಪ್ಪ ನೆಲ ನೋಡುತ್ತ ಹೇಳಿದ, "ದೇವಿಂದ್ರಪ್ಪ ಕಾಕಾಗ ಮಷೀನ್ ಬರಂಗಿಲ್ಲ, ಪಾಪ, ಅವರ ಕೆಲಸ ಹಗುರಾಗಲಿ ಅಂದ, ನಾಲ್ಕು ದಿನ ಕುಂತು ನಿನ್ನ ರೀತಿ ಎಲ್ಲಾ ಬಿಡಿಸಿ ಹೇಳಿದೆ."