ಅತ್ತೆ ಗುಂಡ್ಯದವರೆಗೆ ತುಳಿದದ್ದು

ಬಿಸಿಲಿಗೆ ಕಾದ ಸೈಕಲ್ ಸೀಟಿನ ಚರ್ಮದ ವಾಸನೆ ಬಂದರೆ ಈಗಲೂ ನನಗೆ ಒಂದು ಕಡೆ ನಿಲ್ಲಲಾಗುವುದಿಲ್ಲ.

ಆ ಮಧ್ಯಾಹ್ನ ನನ್ನ ಸೋದರತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. “ಕಡಬದಿಂದ ಸಕ್ಕರೆ ತಾ, ಬೇಗ ಬಾ” ಎಂದು ಅಜ್ಜಿ ಕಳಿಸಿದರು. ನಮ್ಮಲ್ಲಿ ಸೈಕಲ್ ತುಳಿಯುತ್ತಿದ್ದ ಹೆಂಗಸು ಅತ್ತೆ ಒಬ್ಬಳೇ. ನನ್ನನ್ನು ಹಿಂದೆ ಕೂರಿಸಿಕೊಂಡವಳು ಅಂಗಡಿಯಲ್ಲಿ ನಿಲ್ಲದೆ, ಗುಂಡ್ಯದ ಕಾಡುದಾರಿಯಲ್ಲಿ ಒಂದೇ ಸಮನೆ ತುಳಿದಳು.

“ಎಲ್ಲಿಗೆ ಹೋಗುದು ಅತ್ತೆ?”

“ಗಟ್ಟಿ ಹಿಡ್ಕೊ ಮಾರಾಯ್ತಿ.”

ಗುಂಡ್ಯದಲ್ಲಿ ಹಾಸನದ ಬಸ್ಸು ಹೊರಟು ನಿಂತಿತ್ತು. “ಜಾಗ ಉಂಟಾ?” ಎಂದು ಅತ್ತೆ ಏದುಸಿರಿನಲ್ಲೇ ಕಂಡಕ್ಟರನ್ನು ಕೇಳಿದಳು.

“ಉಂಟು. ಮಗುವೂ ಬರುದಾ?” ಎಂದ ಅವನು.

ಅತ್ತೆ ನನ್ನನ್ನು ನೋಡಿದಳು. ನಾನು “ಹಸಿವಾಗ್ತದೆ” ಎಂದೆ.

ಬಸ್ಸು ಘಟ್ಟದ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅಲ್ಲಾಡಲಿಲ್ಲ. ವಾಪಸು ಬರುವಾಗ ಇಳಿಜಾರಿನಲ್ಲೂ ಸೈಕಲ್ ಹತ್ತದೆ, ತಳ್ಳಿಕೊಂಡೇ ನಡೆದಳು.